ತಲೆಮರೆಸಿಕೊಂಡ ಕ್ರಿಯಾಪದದ ಸಂದರ್ಶನ

ಅಬ್‌ಸ್ಕಾಂಡ್ ಇಂಗ್ಲಿಷಿನ ಒಂದು ಕ್ರಿಯಾಪದ. ಕಾನೂನಿನ ಕೈಗೋ ಒಪ್ಪಿಕೊಂಡ ಹೊಣೆಗೋ ಸಿಗದಂತೆ ಗುಟ್ಟಾಗಿ ಜಾಗ ಖಾಲಿ ಮಾಡುವುದು ಅದರ ಅರ್ಥ. ಸಂದರ್ಶನಕ್ಕೆ ಕರೆದಾಗ ಅದು ಬರಲಿಲ್ಲ; ಬಂದೀತೆಂದು ಯಾರೂ ನಂಬಿರಲೂ ಇಲ್ಲ. ಅದರ ಗೈರುಹಾಜರಿಯಲ್ಲಿ, ಜಾಮೀನು ನಿಂತಿದ್ದ ಇಂಗ್ಲಿಷ್ ನಿಘಂಟು ಉತ್ತರ ಕೊಟ್ಟಿತು.

ಪ್ರಶ್ನೆ: ಅದರ ಊರು, ಮನೆತನ?

ನಿಘಂಟು: ಮೂಲ ಲ್ಯಾಟಿನ್. ಅಲ್ಲಿನ ಅಬ್‌ಸ್ಕಾಂಡೆರೆ ಎಂದರೆ ಕಣ್ಣಿಗೆ ಬೀಳದಂತೆ ಅಡಗಿಸಿಡುವುದು. ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದಲ್ಲಿ. ಗೋಡೆದೀಪಕ್ಕೆ ಹೇಳುವ ಸ್ಕಾನ್ಸ್ ಇದರ ದಾಯಾದಿ. ಬೆಳಕನ್ನು ಮರೆಮಾಡುವ ಲಾಂದ್ರಕ್ಕಿದ್ದ ಹಳೆಯ ಹೆಸರಿನಿಂದ ಅದು ಹುಟ್ಟಿತು. ಆ ಮನೆತನದಲ್ಲಿ ಬೆಳಕಿಗೆ ಬಂದದ್ದು ಅದೊಂದೇ.

ಪ್ರಶ್ನೆ: ಎಸ್ಕೇಪ್ ಎಂದರೂ ಇದೇ ಅಲ್ಲವೇ?

ನಿಘಂಟು: ಅಲ್ಲ. ಇಂಗ್ಲೆಂಡಿನ ಜೈಲು ಇಲಾಖೆ ಎರಡಕ್ಕೂ ಬೇರೆ ಲೆಕ್ಕ ಇಡುತ್ತದೆ. ಗೋಡೆ, ಬೀಗ, ಕಾವಲು ದಾಟಿದವನದು ಎಸ್ಕೇಪ್. ಬಯಲು ಬಂದೀಖಾನೆಯಿಂದ ಏನನ್ನೂ ಮುರಿಯದೆ ಸುಮ್ಮನೆ ನಡೆದುಹೋದವನದು ಅಬ್‌ಸ್ಕಾಂಡ್. ಜೇನು ಸಾಕುವವರೂ ಈ ಪದ ಬಳಸುತ್ತಾರೆ. ಇರುವೆ ಕಾಟ, ಮೇಣದ ಹುಳು, ಮೇವಿನ ಕೊರತೆ ತಾಳಲಾರದೆ ತುಡುವೆ ಜೇನು ರಾಣಿಯ ಸಮೇತ ಪೆಟ್ಟಿಗೆ ಬಿಟ್ಟು ಹೋಗುತ್ತದೆ. ಎರಿ ಮಾತ್ರ ಉಳಿಯುತ್ತದೆ.

ಪ್ರಶ್ನೆ: ಭಾರತದಲ್ಲಿ ಅದಕ್ಕೆ ಕೈತುಂಬ ಕೆಲಸವಂತೆ?

ನಿಘಂಟು: ಪುರಸೊತ್ತೇ ಇಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಅದು ಆಗಿ ಮುಗಿದ ಕ್ರಿಯೆ. ಇಲ್ಲಿನ ಠಾಣೆಯ ಕಡತದಲ್ಲಿ ಅದು ಸದಾ ‘ಅಬ್‌ಸ್ಕಾಂಡಿಂಗ್’. ಹತ್ತು ವರ್ಷದ ಹಿಂದೆ ಹೋದವನೂ ಇನ್ನೂ ಓಡುತ್ತಲೇ ಇರುತ್ತಾನೆ. ಕನ್ನಡ ಪತ್ರಿಕೆಗಳು ‘ತಲೆಮರೆಸಿಕೊಂಡಿದ್ದಾನೆ’ ಎಂದು ಬರೆದು ಅವನನ್ನು ಒಂದು ಕಡೆ ಕೂರಿಸುತ್ತವೆ. ಲ್ಯಾಟಿನ್ ಮೂಲಕ್ಕೆ ಹತ್ತಿರವಿರುವುದು ಕನ್ನಡವೇ.

ಪ್ರಶ್ನೆ: ಅಂಥವನನ್ನು ಕರೆಸುವ ಕ್ರಮ?

ನಿಘಂಟು: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 84ನೇ ಕಲಮಿನಲ್ಲಿದೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 82 ಆಗಿತ್ತು. ನ್ಯಾಯಾಲಯದ ಉದ್ಘೋಷಣೆಯನ್ನು ಅವನು ವಾಸವಿದ್ದ ಊರಿನಲ್ಲಿ, ನಾಲ್ಕು ಜನರ ಕಣ್ಣಿಗೆ ಬೀಳುವ ಕಡೆ, ಎಲ್ಲರೆದುರು ಓದಬೇಕು. ಮನೆಯ ಬಳಿ ಒಂದು ಪ್ರತಿ, ಕೋರ್ಟಿನಲ್ಲಿ ಇನ್ನೊಂದು ಅಂಟಿಸಬೇಕು. ಹಾಜರಾಗಲು ಕನಿಷ್ಠ 30 ದಿನ ಕೊಡಬೇಕು. ಹೀಗೆ ಊರಿನಲ್ಲಿಲ್ಲದ ಒಬ್ಬನನ್ನು ಬಿಟ್ಟು ಮಿಕ್ಕವರಿಗೆಲ್ಲ ಸಮಾಚಾರ ಮುಟ್ಟುತ್ತದೆ. ಆಸ್ತಿ ಜಪ್ತಿಯ ಮಾತು 85ನೇ ಕಲಮಿನದು.

ಪ್ರಶ್ನೆ: ಬೆಂಗಳೂರಿನ ಕಂಪನಿಗಳಲ್ಲೂ ಅದು ಓಡಾಡುತ್ತದೆಯಲ್ಲ?

ನಿಘಂಟು: ನೋಟಿಸ್ ಪೀರಿಯಡ್ ಮುಗಿಸದೆ ಕೆಲಸ ಬಿಟ್ಟವನ ಕಡತಕ್ಕೂ ಎಚ್‌ಆರ್ ವಿಭಾಗ ಇದೇ ಪದ ಹಚ್ಚುತ್ತದೆ. ಹಚ್ಚಿದ ಪತ್ರವನ್ನು ಅವನ ಮನೆ ವಿಳಾಸಕ್ಕೇ ಕಳಿಸುತ್ತದೆ. ವಿಳಾಸ ಗೊತ್ತಿರುವವನು ಅಡಗಿದ್ದು ಹೇಗೆ ಎಂದು ಕೇಳುವ ಅಧಿಕಾರ ನಿಘಂಟಿಗಿಲ್ಲ.

ಪ್ರಶ್ನೆ: ದೊಡ್ಡ ಸಾಲಗಾರರು ವಿದೇಶಕ್ಕೆ ಹಾರಿದಾಗ?

ನಿಘಂಟು: ಅವರಿಗೆ 2018ರ ಕಾಯ್ದೆ ‘ಫ್ಯೂಜಿಟಿವ್’ ಎಂಬ ಬೇರೆಯೇ ಪದವಿ ಇಟ್ಟಿದೆ. ಅದಕ್ಕೆ ಅಪರಾಧದ ಮೊತ್ತ 100 ಕೋಟಿ ರೂಪಾಯಿಯಾದರೂ ಇರಬೇಕು. 99 ಕೋಟಿಯವನಿಗೆ ಅಬ್‌ಸ್ಕಾಂಡೇ ಗತಿ.