ಹತ್ತು ಸಾವಿರ ಹೆಜ್ಜೆ

ಲಾಲ್‌ಬಾಗ್ ಪಕ್ಕದ ಹೋಟೆಲು, ಬೆಳಗ್ಗೆ ಏಳೂವರೆ. ರಾಯರ ಮುಂದೆ ಎರಡನೇ ಮಸಾಲೆದೋಸೆ. ಮೇಲಿನ ಬೆಣ್ಣೆ ಇನ್ನೂ ಕರಗಿಲ್ಲ.

"ವಾಕಿಂಗ್ ನಡೀತಿದೆಯಾ, ರಾಯರೇ?"

"ಅದು ನಡೀತಿದೆ. ನಾನು ಕೂತಿದೀನಿ."

"ವಾಚು ಒಂಬತ್ತು ಸಾವಿರದ ಎಂಟುನೂರು ಅಂತಿದೆ?"

"ಚಟ್ನಿಗೆ ಕೈ ಆಡಿಸಿದ್ದೂ ಲೆಕ್ಕಕ್ಕೆ ಬರುತ್ತೆ."

"ಹತ್ತು ಸಾವಿರ ಅಂತ ಯಾವ ಡಾಕ್ಟರು ಬರೆದುಕೊಟ್ರು?"

"ಡಾಕ್ಟರಲ್ಲ. 1965ರಲ್ಲಿ ಜಪಾನಿನವರು ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ಇಟ್ಟ ಹೆಸರು, ‘ಮಾನ್ಪೊ ಕೇ’. ಹತ್ತು ಸಾವಿರ ಹೆಜ್ಜೆ ಮೀಟರು ಅಂತ."

"ಓಹೋ, ಅಂಗಡಿ ಬೋರ್ಡೇ ಔಷಧಿ ಚೀಟಿ! ಸಕ್ಕರೆ ಎಷ್ಟಿದೆ?"

"ಮನೇಲೋ, ಮೈಯಲ್ಲೋ?"

"ಮೈಯಲ್ಲಿ."

"ಮನೇಲಿ ಪೂರ್ತಿ ಬಿಟ್ಟಿದೀನಪ್ಪ. ಇಲ್ಲಿ ಕಾಫಿಗೆ ಅವರೇ ಹಾಕಿಬಿಡ್ತಾರೆ."

"ಮನೆಗೆ ನಡೆದೇ ತಾನೆ?"

"ಆಟೋ ಕರಿ. ಉಳಿದ ಇನ್ನೂರು ಹೆಜ್ಜೆ ರಸ್ತೆಗುಂಡಿ ನೋಡ್ಕೊಳ್ಳುತ್ತೆ."