ಯಾವ ಔರಾದ್ ಸಾರ್?

ಬೆಂಗಳೂರಿನಿಂದ ಔರಾದಿಗೆ ವರ್ಗವಾದವನಿಗೆ ಸ್ನೇಹಿತರು ಹೇಳುವ ಸಮಾಧಾನ ಒಂದೇ: ‘ಎಷ್ಟಾದರೂ ಕರ್ನಾಟಕವೇ ಅಲ್ಲವೇನಯ್ಯ?’ ಈ ಮಾತನ್ನೇ ಲಾರಿ ಡ್ರೈವರಿಗೆ ಹೇಳಿ ಬಾಡಿಗೆ ಇಳಿಸಲು ನೋಡಿದೆ. ‘ಬೀದರಿಗೇ ಏಳ್ನೂರು ಕಿಲೋಮೀಟ್ರು ಸಾರ್. ಹೊಸಪೇಟೆ, ಲಿಂಗಸುಗೂರು ಅಂತ ಹೋದ್ರೆ ಗಾಜಿನ ಸಾಮಾನಿಗೆ ನಾನು ಜವಾಬ್ದಾರನಲ್ಲ. ಹೈದರಾಬಾದ್ ಮೇಲೆ ಹೋಗ್ತೀನಿ’ ಎಂದ. ಹೀಗಾಗಿ ಒಂದೇ ರಾಜ್ಯದೊಳಗಿನ ವರ್ಗಕ್ಕೆ ನಮ್ಮ ಸಾಮಾನು ಅನಂತಪುರ, ಕರ್ನೂಲು ದಾಟಿ, ಹೈದರಾಬಾದ್ ಸುತ್ತಿ, ಜಹೀರಾಬಾದಿನಲ್ಲಿ ಬಲಕ್ಕೆ ಹೊರಳಬೇಕಾಯಿತು.

‘ರೀ, ವಿಳಾಸ ಬರೆದುಕೊಡಿ’ ಎಂದಳು ಹೆಂಡತಿ. ಈ ಕಾಲದಲ್ಲಿ ವಿಳಾಸ ಯಾರೇ ಬರೀತಾರೆ ಎಂದು ನಕ್ಕು, ಮೊಬೈಲಿನಲ್ಲಿ ಔರಾದ್ ಎಂದು ಹುಡುಕಿ, ಮೊದಲು ಕಂಡದ್ದನ್ನು ಡ್ರೈವರಿಗೆ ಕಳಿಸಿದೆ.

ನಾವು ರೈಲಿನಲ್ಲಿ ಬೀದರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಔರಾದ್ ತಲುಪಿ, ಖಾಲಿ ಮನೆಯಲ್ಲಿ ಪೇಪರ್ ಹಾಸಿಕೊಂಡು ಕೂತೆವು. ಮಧ್ಯಾಹ್ನ ಫೋನ್ ಬಂತು. ‘ಸಾರ್, ಭಾಲ್ಕಿಲಿ ಟೀ ಕುಡೀತಿದೀನಿ. ಯಾವ ಔರಾದ್ ಅಂತ ಕೇಳ್ತಾವ್ರೆ.’

ಔರಾದ್ ಬೀದರಿನ ಉತ್ತರಕ್ಕೆ, ಭಾಲ್ಕಿ ಪಶ್ಚಿಮಕ್ಕೆ. ನಕಾಶೆ ಬಲ್ಲ ಯಾರ ಎದೆಯಾದರೂ ಅಲ್ಲೇ ಧಸಕ್ಕೆನ್ನಬೇಕಿತ್ತು. ನಾನೋ, ‘ಔರಾದ್ ಎಷ್ಟಯ್ಯಾ ಇರ್ತವೆ?’ ಎಂದು ಗದರಿ, ಭಾಲ್ಕಿಯ ಮಹಿಮೆ ಶುರುಮಾಡಿದೆ. ನಿಜಾಮರ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಊರಪ್ಪ ಅದು! ಡ್ರೈವರ್ ಹೂಂಗುಟ್ಟಿ ಗಾಡಿ ಹೊರಡಿಸಿದ.

ಎರಡನೇ ಫೋನ್: ‘ಸಾರ್, ಇಲ್ಲಿ ಬೋರ್ಡೆಲ್ಲ ಮರಾಠಿ.’

‘ಗಡಿನಾಡು ಕಣಯ್ಯ. ಬೋರ್ಡು ನೋಡಿ ಹೆದರಬೇಡ, ಒಳಗೆ ಕನ್ನಡ ಇರುತ್ತೆ. ಅಮರೇಶ್ವರನ ಗುಡಿ ಎಲ್ಲಿ ಅಂತ ಕೇಳು.’

‘ಗಾಡಿ ನಂಬರೂ ಎಂಎಚ್ 24 ಅಂತಿದಾವೆ ಸಾರ್.’

‘ಸಂತೆಗೆ ಬಂದಿರ್ತವೆ.’

ಅಷ್ಟರಲ್ಲಿ ಪಕ್ಕದ ಮನೆಯ ಹಿರಿಯರು ಕಟಿರೊಟ್ಟಿ, ಶೇಂಗಾ ಹಿಂಡಿ ಹಿಡಿದು ಬಂದರು. ‘ಸಾಮಾನ್ ಎಲ್ಲಿತನಕ ಬಂದಾವ್ರಿ?’ ಭಾಲ್ಕಿ ದಾಟಿವೆ ಎಂದೆ, ಹೆಮ್ಮೆಯಿಂದ. ಅವರು ರೊಟ್ಟಿ ಕೆಳಗಿಟ್ಟರು. ‘ಭಾಲ್ಕಿಗ್ಯಾಕ ಹೋದ್ವುರಿ? ಅದು ಔರಾದ್ ಶಹಾಜನಿ ಹಾದಿ. ತಾಲೂಕ ನಿಲಂಗಾ, ಜಿಲ್ಲಾ ಲಾತೂರ. ನಮ್ದು ಔರಾದ್ ಬಿ, ಬಾರಹಳ್ಳಿ. ಬೀದರ ತಾಲೂಕಿನ್ಯಾಗ ಇನ್ನೊಂದು ಔರಾದ್ ಎಸ್ ಅದ, ಪುಣ್ಯಕ್ಕ ಅಲ್ಲಿಗಿ ಹೋಗಿಲ್ಲ.’ ಎಸ್ ಎಂದರೆ ಸಿರ್ಸಿ. ಆ ಸಿರ್ಸಿಗೂ ಗುರುತಿಗೆಂದು ಎ ಹಚ್ಚಿದ್ದಾರೆ, ಎ ಎಂದರೆ ಔರಾದ್. ಒಬ್ಬರ ಜಾಮೀನಿಗೆ ಇನ್ನೊಬ್ಬರು ನಿಂತ ಹಾಗೆ!

ಮಾನ ಉಳಿಸಿಕೊಳ್ಳಲು ನಾನು ಇತಿಹಾಸಕ್ಕೆ ಕೈಹಾಕಿದೆ. ನಿಲಂಗಾ, ಉದಗೀರಗಳೆಲ್ಲ ಬೀದರ್ ಜಿಲ್ಲೆಯವೇ ಆಗಿದ್ದವು. 1956ರ ನವೆಂಬರ್ 1ರಂದು ಮುಂಬಯಿ ರಾಜ್ಯಕ್ಕೆ ಸೇರಿದವು. ಅದಕ್ಕೂ ಮೊದಲೇ ವರ್ಗವಾಗಿದ್ದರೆ ನಮ್ಮ ಲಾರಿ ಜಿಲ್ಲೆಯ ಗಡಿ ದಾಟುತ್ತಲೇ ಇರಲಿಲ್ಲ ಎಂದು ಹೆಂಡತಿಗೆ ವಿವರಿಸಿದೆ. ಅವಳು ಕಟಿರೊಟ್ಟಿಯನ್ನು ಎರಡು ಹೋಳು ಮಾಡಿದಳು. ಆ ಸದ್ದಿಗೆ ಹಿರಿಯರೂ ಎದ್ದು ಹೋದರು.

ಲಾರಿ ಬಂದಾಗ ರಾತ್ರಿಯಾಗಿತ್ತು, ಹಮಾಲರು ಮನೆಗೆ ಹೋಗಿದ್ದರು. ಬೀರು, ಮಂಚ, ಗ್ಯಾಸ್ ಸಿಲಿಂಡರು ಎಲ್ಲಕ್ಕೂ ನಾನು, ಡ್ರೈವರ್, ಕ್ಲೀನರ್ ಮೂವರೇ ಹೆಗಲು ಕೊಟ್ಟೆವು. ಒಳಕಲ್ಲಿನ ಗುಂಡು ನನ್ನ ಪಾಲಿಗೇ ಬಂತು. ಆಂಧ್ರ, ತೆಲಂಗಾಣ, ಮಹಾರಾಷ್ಟ್ರ ಮೂರನ್ನೂ ನೋಡಿ ಬಂದ ಗುಂಡು. ಗಾಜಿನ ಸಾಮಾನು ಒಂದೂ ಒಡೆದಿರಲಿಲ್ಲ. ಅದನ್ನು ಡ್ರೈವರ್ ಮತ್ತೆ ಮತ್ತೆ ಹೇಳಿ, ಹೆಚ್ಚಿನ ಡೀಸೆಲ್ ದುಡ್ಡು ಎಣಿಸಿಕೊಂಡ.

ಔರಾದಿಗೆ ವರ್ಗವಾದವರು ದಯವಿಟ್ಟು ವಿಳಾಸವನ್ನು ಕೈಯಾರೆ ಬರೆದುಕೊಡಿ. ಹೆಸರಿನ ಮುಂದೆ ಬಿ ಇರಲಿ, ಬೀದರ್ ಜಿಲ್ಲೆ ಎಂದೂ ಇರಲಿ, ಸಂತಪುರದ ದಾರಿ ಎಂದೂ ಇರಲಿ. ಇಷ್ಟೆಲ್ಲ ಆದ ಮೇಲೂ ಡ್ರೈವರ್ ಭಾಲ್ಕಿಯಲ್ಲಿ ಟೀ ಕುಡಿಯುತ್ತಿದ್ದೇನೆ ಎಂದರೆ, ಇತಿಹಾಸ ಹೇಳಬೇಡಿ, ಗಾಡಿ ತಿರುಗಿಸಲು ಹೇಳಿ.