ಗಣಕಗಳ ಪಾರುಪತ್ಯ

ಬ್ರಹ್ಮಾಂಡದ ಮೂಲದ್ರವ್ಯವನ್ನು ಅರಸುವವರ ನಡುವೆ ಬಾಳುವೆ ನಡೆಸುವವನಿಗೆ ಆ ಮೂಲದ್ರವ್ಯದ ಸಮಾಚಾರ ತಿಳಿದಿರಲೇಬೇಕೆಂಬ ನಿಯಮವೇನೂ ಇಲ್ಲ. ಅಮೆರಿಕದ ಮಧ್ಯಪಶ್ಚಿಮ ಪ್ರಾಂತದ ವಿಶ್ವವಿದ್ಯಾಲಯವೊಂದರ ಭೌತಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ ಹಗಲಿರುಳೂ ಮೊರೆಯುತ್ತ ನಿಂತಿರುವ ಗಣಕಗಳ ಸಾಲುಗಳಿಗೆ ಪಾರುಪತ್ಯಗಾರನಾಗಿರುವ ನನಗೆ, ಹಿಗ್ಸ್ ಕಣದ ಗುಣಸ್ವಭಾವಗಳಿಗಿಂತ ಅದನ್ನು ಅಭ್ಯಸಿಸುವವರ ಗುಣಸ್ವಭಾವಗಳೇ ಹೆಚ್ಚು ಪರಿಚಿತವಾಗಿವೆ. ಎರಡರಲ್ಲಿ ನಿಗೂಢವಾದದ್ದು ಯಾವುದೆಂದು ಕೇಳಿದರೆ ಉತ್ತರ ಕೊಡಲು ನಾನು ಬಹಳ ಹೊತ್ತು ಯೋಚಿಸಬೇಕಾಗಿಲ್ಲ.

ಜಿನೀವಾ ನಗರದ ಬಳಿ, ನೆಲದ ಕೆಳಗೆ, 27 ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳ ತಂಡಗಳು ಸೆಕೆಂಡಿಗೆ ಸುಮಾರು 4 ಕೋಟಿ ಸಲ ಎದುರುಬದುರಾಗಿ ಹಾಯುತ್ತವೆ. ಇದೆಲ್ಲವನ್ನೂ ಬರೆದಿಡುವಷ್ಟು ಜಾಗ ಭೂಮಂಡಲದಲ್ಲಿ ಇಲ್ಲವಾದಕಾರಣ, ‘ಟ್ರಿಗರ್’ ಎಂಬ ದ್ವಾರಪಾಲಕನೊಬ್ಬನು ಅವುಗಳಲ್ಲಿ ಕೆಲವೇ ಸಾವಿರವನ್ನು ಒಳಕ್ಕೆ ಬಿಟ್ಟು, ಮಿಕ್ಕಿದ್ದನ್ನು ಕಿಂಚಿತ್ತೂ ಮರುಕವಿಲ್ಲದೆ ಶಾಶ್ವತವಾಗಿ ವಿಸರ್ಜಿಸುತ್ತಾನೆ. ಹಾಗೆ ಉಳಿದ ಅಲ್ಪವೇ ಎಷ್ಟು ಅಪಾರವೆಂದರೆ, ಅದನ್ನು ಹೊರಲು 40ಕ್ಕೂ ಮೀರಿದ ದೇಶಗಳ ಸುಮಾರು 170 ಕೇಂದ್ರಗಳು ಹೆಗಲು ಕೊಟ್ಟಿವೆ. ಇವುಗಳಲ್ಲಿ ಶ್ರೇಣಿಭೇದವುಂಟು. ಸೊನ್ನೆಯ ಶ್ರೇಣಿ ಆ ಸುರಂಗದ ಒಡೆತನದ ಸರ್ನ್ ಸಂಸ್ಥೆಯದು. ಒಂದನೆಯದು ಕೆಲವೇ ಭಾಗ್ಯವಂತರದು. ಎರಡನೆಯದರಲ್ಲಿ ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಕೋಲ್ಕತ್ತದ ಸೈಕ್ಲೋಟ್ರಾನ್ ಕೇಂದ್ರವೂ ಇವೆ. ಮೂರನೆಯದು ನಮ್ಮಂಥ ವಿಶ್ವವಿದ್ಯಾಲಯಗಳ ಪಾಲಿನದು. ಮೇಲಿನ ಶ್ರೇಣಿಗಳವರು ಇಷ್ಟು ಸೇವೆ ಸಲ್ಲಿಸುತ್ತೇವೆಂದು ಕರಾರು ಬರೆದುಕೊಟ್ಟಿದ್ದಾರೆ, ಅದರ ಲೆಕ್ಕವನ್ನೂ ಒಪ್ಪಿಸುತ್ತಾರೆ. ನಾವು ಯಾವ ಕರಾರಿಗೂ ಒಳಪಟ್ಟವರಲ್ಲ. ಕರಾರಿಲ್ಲದವನಿಂದ ಇಷ್ಟನ್ನೇ ನಿರೀಕ್ಷಿಸಬೇಕೆಂಬ ಮಿತಿಯೂ ಇರುವುದಿಲ್ಲವೆಂಬುದು ಈ ಕೆಲಸಕ್ಕೆ ಸೇರಿದ ಮೇಲೆ ತಿಳಿಯತಕ್ಕ ವಿಷಯ.

ನಮ್ಮ ಗಣಕಗಳಿಗೆ ಕೆಲಸಗಳನ್ನು, ಅಂದರೆ ನಮ್ಮವರ ಮಾತಿನಲ್ಲಿ ‘ಜಾಬು’ಗಳನ್ನು, ಹಂಚುವವನು ‘ಕಾಂಡರ್’. 1988ರ ಸುಮಾರಿಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ, ಪಂಡಿತರು ಮನೆಗೆ ಹೋದ ಮೇಲೆ ಮೇಜಿನ ಮೇಲೆ ಸುಮ್ಮನೆ ಕೂತಿರುವ ಗಣಕಗಳಿಂದ ಬಿಟ್ಟಿ ಚಾಕರಿ ಮಾಡಿಸುವ ಉದ್ದೇಶದಿಂದ ಹುಟ್ಟಿದ ಈ ತಂತ್ರಾಂಶ ಈಗ ಸಾಕ್ಷಾತ್ ಚಿತ್ರಗುಪ್ತನ ಪದವಿಗೆ ಏರಿದೆ. ಯಾರು ಎಷ್ಟು ಹೊತ್ತು ಎಷ್ಟು ಯಂತ್ರಗಳನ್ನು ದುಡಿಸಿಕೊಂಡರೆಂಬುದನ್ನು ಅದು ಬರೆದಿಡುತ್ತದೆ. ಹೆಚ್ಚು ಉಂಡವನು ಮುಂದಿನ ಸರದಿಯಲ್ಲಿ ಹಿಂದಕ್ಕೆ ಸರಿಯುತ್ತಾನೆ. ಆದರೆ ಯಮಲೋಕದ ಲೆಕ್ಕಕ್ಕಿಂತ ಇದು ದಯಾಮಯವಾದದ್ದು: ಒಂದು ಹಗಲೂ ಒಂದು ರಾತ್ರಿಯೂ ಕಳೆದರೆ ಸಂಚಿತದಲ್ಲಿ ಅರ್ಧ ತಾನಾಗಿಯೇ ಕ್ಷಯಿಸುತ್ತದೆ, ಇನ್ನೊಂದು ದಿನ ಕಳೆದರೆ ಕಾಲುಭಾಗ ಮಾತ್ರ ಉಳಿಯುತ್ತದೆ. ಪ್ರಾಯಶ್ಚಿತ್ತವಿಲ್ಲದೆ, ತೀರ್ಥಯಾತ್ರೆಯಿಲ್ಲದೆ, ಬರಿಯ ಕಾಲಕ್ಷೇಪದಿಂದಲೇ ಪಾಪ ಪರಿಹಾರವಾಗುವ ಇಂಥ ಸುಲಭೋಪಾಯವನ್ನು ಯಾವ ಧರ್ಮಶಾಸ್ತ್ರವೂ ಹೇಳಿದಂತಿಲ್ಲ. ಆದರೂ ಇದರಿಂದ ಸಂತುಷ್ಟರಾದವರನ್ನು ನಾನು ಕಂಡಿಲ್ಲ. ಈ ಹಂಚಿಕೆ ಪಕ್ಷಪಾತದ್ದಾಗಿದ್ದರೆ ಅರ್ಧ ಜನರಾದರೂ ಸುಖವಾಗಿರುತ್ತಿದ್ದರು. ನಿಷ್ಪಕ್ಷಪಾತವಾದ್ದರಿಂದ ಪ್ರತಿಯೊಬ್ಬನಿಗೂ ತನಗೊಬ್ಬನಿಗೇ ಅನ್ಯಾಯವಾದಂತೆ ತೋರುತ್ತದೆ. ‘ಸರ್, ನನ್ನ ಜಾಬುಗಳು ಓಡುತ್ತಿಲ್ಲ’ ಎಂದು ಬಾಗಿಲಲ್ಲಿ ನಿಂತವರು ಅಸಂಖ್ಯಾತರು. ಓಡುತ್ತಿವೆಯೆಂದು ಹೇಳಿಹೋಗಲು ಬಂದವರು ಇದುವರೆಗೆ ಇಲ್ಲ. ‘ಮಿಕ್ಕವರದೆಲ್ಲ ಮುಗಿದು ಯಂತ್ರ ಬಿಡುವಾಗಿದ್ದರೆ ಮಾತ್ರ ನನ್ನದಾಗಲಿ’ ಎಂದು ಸ್ವಇಚ್ಛೆಯಿಂದ ಸಾಲಿನ ಕಟ್ಟಕಡೆಯಲ್ಲಿ ನಿಲ್ಲುವುದಕ್ಕೂ ಕಾಂಡರಿನಲ್ಲಿ ಅನುಕೂಲವಿದೆ. ಅದನ್ನು ನಾನು ಎಲ್ಲರಿಗೂ ವಿವರಿಸಿದ್ದೇನೆ. ಎಲ್ಲರೂ ಅದನ್ನು ಮೆಚ್ಚಿದ್ದಾರೆ. ಪಕ್ಕದ ಕೋಣೆಯವನಿಗೆ ಅದು ಬಹಳ ಹೊಂದೀತೆಂದು ಸೂಚಿಸಿದ್ದಾರೆ.

ಡಿಸ್ಕಿನ ಪ್ರಶ್ನೆ ಇದಕ್ಕಿಂತ ಕಠಿನತರವಾದದ್ದು. ಜಿನೀವಾದಲ್ಲಿ ಒಂದು ಸೆಕೆಂಡಿನೊಳಗೆ ಕೋಟ್ಯಂತರ ಘಟನೆಗಳನ್ನು ತ್ಯಜಿಸುವ ವೈರಾಗ್ಯವನ್ನು ಯಂತ್ರಕ್ಕೆ ಕಲಿಸಿದ ಈ ಜನ, ಅಲ್ಲಿಂದ ಇಳಿದುಬಂದ ಒಂದು ಕಡತವನ್ನು ತಾವಾಗಿ ಅಳಿಸಲಾರರು. ಡಿಸ್ಕು ತುಂಬುತ್ತ ಬಂದಿದೆ, ಬೇಡವಾದದ್ದನ್ನು ತೆಗೆಯಿರೆಂದು ನಾನು ಓಲೆ ಕಳುಹಿಸಿದರೆ, ಆ ಸಂಜೆಯೇ ಡಿಸ್ಕು ಮತ್ತಷ್ಟು ತುಂಬುತ್ತದೆ; ಜಾಗ ಮುಗಿಯುವ ಮುನ್ನ ತಮ್ಮದನ್ನು ಇಳಿಸಿಕೊಳ್ಳುವುದು ಲೇಸೆಂದು ಎಲ್ಲರೂ ಏಕಕಾಲದಲ್ಲಿ ಬಗೆಯುತ್ತಾರೆ. ಪದವಿ ಪಡೆದು, ಕಣಗಳ ಸಹವಾಸ ತೊರೆದು, ನ್ಯೂಯಾರ್ಕಿನ ಬ್ಯಾಂಕಿನಲ್ಲಿ ಷೇರುಗಳ ಏರಿಳಿತವನ್ನು ಗುಣಿಸುತ್ತಿರುವ ಶಿಷ್ಯೋತ್ತಮನೊಬ್ಬನ ‘ಟೆಸ್ಟ್’ ಎಂಬ ಕಡತರಾಶಿಯನ್ನು ತೆಗೆಯಬಹುದೇ ಎಂದು ಅವನ ಗುರುಗಳನ್ನು ಕೇಳಿದಾಗ, ಅದರಲ್ಲಿ ಏನಿದೆಯೆಂದು ತಮಗೆ ತಿಳಿಯದು, ಆದಕಾರಣ ಅದು ಇರಲೇಬೇಕು ಎಂದರು.

ಇನ್ನು ಋತುಮಾನದ ಮಾತು. 1966ರಿಂದ ನಡೆದುಬಂದಿರುವ ಮೊರಿಯಾಂಡ್ ಎಂಬ ಕಣಭೌತಶಾಸ್ತ್ರಜ್ಞರ ಸಮ್ಮೇಳನ ಈಚಿನ ವರ್ಷಗಳಲ್ಲಿ ಇಟಲಿಯ ಆಲ್ಪ್ಸ್ ಪರ್ವತದ ನಡುವೆ ಲಾ ತುಯಿಲ್ ಎಂಬ ಊರಿನಲ್ಲಿ ಮಾರ್ಚ್ ತಿಂಗಳ ಹೊತ್ತಿಗೆ ಸೇರುತ್ತದೆ; ಮಧ್ಯಾಹ್ನದ ದೀರ್ಘ ವಿರಾಮದಲ್ಲಿ ವಿದ್ವಾಂಸರು ಹಿಮದ ಮೇಲೆ ಜಾರಿ ಆಡಿ ಬರುವ ಸತ್ಸಂಪ್ರದಾಯವೂ ಅಲ್ಲಿದೆ. ಅಲ್ಲಿ ಒಪ್ಪಿಸಬೇಕಾದ ಫಲಿತಾಂಶಗಳ ಲೆಕ್ಕಾಚಾರವನ್ನು ಎಲ್ಲರೂ ಅದರ ಹಿಂದಿನ ತಿಂಗಳಿಗೇ ಉಳಿಸಿಕೊಳ್ಳುವುದರಿಂದ, ಫೆಬ್ರವರಿಯಲ್ಲಿ ನನ್ನ ನೆಲಮಾಳಿಗೆಯ ತಂಪುಯಂತ್ರ ಏದುಸಿರು ಬಿಡುತ್ತದೆ. ಅಲ್ಲಿ ಅವರು ಜಾರುವುದಕ್ಕಾಗಿ ಇಲ್ಲಿ ನಾವು ಬೆವರಬೇಕು.

ಅಂಥದೊಂದು ಫೆಬ್ರವರಿಯ ರಾತ್ರಿ ನಮ್ಮಲ್ಲೊಂದು ಯಂತ್ರ ಕೃಷ್ಣರಂಧ್ರವಾಯಿತು. ಖಗೋಳದವರು ಗಾಬರಿಪಡಬೇಕಾಗಿಲ್ಲ, ಇದು ನಮ್ಮ ಕಸುಬಿನ ಮಾತು. ಜಿನೀವಾದಿಂದ ತಂತ್ರಾಂಶವನ್ನು ಬೇಕೆಂದಾಗ ಬೇಕಾದಷ್ಟೇ ತರಿಸಿಕೊಡುವ ಸಿವಿಎಂಎಫ್‌ಎಸ್ ಎಂಬ ಏರ್ಪಾಡು ಆ ಒಂದು ಯಂತ್ರದಲ್ಲಿ ಮಾತ್ರ ಕೆಟ್ಟಿತ್ತು. ಅದಕ್ಕೆ ಕೊಟ್ಟ ಜಾಬು ಹುಟ್ಟಿದ ಕ್ಷಣವೇ ಸಾಯುತ್ತಿತ್ತು. ಸತ್ತೊಡನೆ ಯಂತ್ರ ಬಿಡುವಾಗುತ್ತಿತ್ತು. ಬಿಡುವಾದ ಯಂತ್ರವನ್ನು ಕಂಡರೆ ಕಾಂಡರಿಗೆ ಸುಮ್ಮನಿರಲಾಗದು, ಇನ್ನೊಂದನ್ನು ಕಳುಹಿಸುತ್ತಿತ್ತು. ಪಕ್ಕದ ಪ್ರಾಮಾಣಿಕ ಯಂತ್ರಗಳು ಒಂದೊಂದು ಜಾಬಿನ ಮೇಲೆ ಗಂಟೆಗಟ್ಟಲೆ ತಿಣುಕುತ್ತಿರುವಾಗ, ಇದು ಬೆಳಗಾಗುವುದರೊಳಗೆ ಇಡೀ ಸಾಲನ್ನು ಆಪೋಶನ ತೆಗೆದುಕೊಂಡು ಮುಂದಿನ ಕೆಲಸಕ್ಕಾಗಿ ಕೈಕಟ್ಟಿ ನಿಂತಿತ್ತು. ಪದಾರ್ಥವಿಜ್ಞಾನದ ಹೊರಗೂ, ಕಚೇರಿಗಳಲ್ಲಿ, ಇಂಥ ಚುರುಕುತನವನ್ನು ನಾನು ಕಂಡಿಲ್ಲವೆಂದಲ್ಲ.

ವರ್ಷಾಂತ್ಯದ ವರದಿಗಾಗಿ, ಯಾವ ಯಂತ್ರ ಎಷ್ಟು ಜಾಬುಗಳನ್ನು ವಿಲೇವಾರಿ ಮಾಡಿತೆಂಬ ನಕ್ಷೆಯನ್ನು ವಿಭಾಗದ ಮುಖ್ಯಸ್ಥರ ಮುಂದೆ ಇಟ್ಟಾಗ, ಎಲ್ಲ ಗೆರೆಗಳ ನಡುವೆ ಗೋಪುರದಂತೆ ಎದ್ದುನಿಂತ ಆ ಒಂದು ಗೆರೆಯ ಮೇಲೆ ಅವರ ಕಣ್ಣು ನೆಟ್ಟಿತು. ಕನ್ನಡಕವನ್ನು ಸರಿಪಡಿಸಿಕೊಂಡು, ಬಹಳ ಪ್ರಸನ್ನರಾಗಿ, ಈ ಮಾದರಿಯದನ್ನೇ ಇನ್ನು ನಾಲ್ಕು ಕೊಂಡರೆ ಹೇಗೆ ಎಂದು ಕೇಳಿದರು. ಯಂತ್ರ ಕೊಳ್ಳುವುದಕ್ಕೆ ಅವರಾಗಿಯೇ ಹಣದ ಮಾತೆತ್ತಿದ್ದು ಅದೇ ಮೊದಲಾದ್ದರಿಂದ, ನಾನು ಕೂಡಲೇ ಅವರನ್ನು ತಿದ್ದುವ ಅವಿನಯಕ್ಕೆ ಹೋಗಲಿಲ್ಲ.